ಬದಿಯಡ್ಕದ ಟೈಪಿಂಗ್ ಅಂಗಡಿ: ನಮ್ಮ ಕಟ್ಟದ ಲೆಕ್ಕ ಸರಿಯಾದದ್ದು ಇಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಮಾಳಿಗೆಯ ಮೇಲೆ ಒಂದು ಟೈಪಿಂಗ್ ಅಂಗಡಿ ಉಂಟು. ಅದಕ್ಕೆ ಹೆಸರಿಲ್ಲ. ಬೋರ್ಡಿನಲ್ಲಿ ‘ಟೈಪಿಂಗ್, ಎಸ್ಟಿಮೇಟ್, ಕನ್ನಡ-ಮಲಯಾಳ ಅನುವಾದ’ ಎಂದಷ್ಟೇ ಬರೆದಿದೆ. ಊರಿನ ಕೆಲಸಕ್ಕೆ ಮ್ಯಾಚಿಂಗ್ ಗ್ರಾಂಟು (ನಾವು ಹಾಕಿದಷ್ಟೇ ಅವರೂ ಹಾಕುವ ಸಹಾಯಧನ) ಕೇಳಲು ಹೊರಟವರು ಅರ್ಜಿ ತುಂಬುವ ಮೊದಲು ಒಮ್ಮೆ ಆ ಮೆಟ್ಟಿಲು ಹತ್ತಿ ಬನ್ನಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 23 ಮನೆಗಳ ನೀರಿನ ಸಮಿತಿ. ನಾನು ಖಜಾಂಚಿ. ಪ್ರತಿ ವರ್ಷ ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಹಾಕುತ್ತೇವೆ. ಏತಡ್ಕದ ಕಡೆಯ ಕಟ್ಟಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಪೂರಾ ಬಿಟ್ಟ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ, ಪ್ಲಾಸ್ಟಿಕ್ ಹಾಳೆ ಸೇರಿಸಿ ತೋಡಿಗೆ ಅಡ್ಡ ಕಟ್ಟುತ್ತೇವೆ. ನಿಂತ ನೀರು ಇಂಗಿ ಬೇಸಗೆಯಲ್ಲಿ ಬಾವಿಗೂ ತೋಟಕ್ಕೂ ಆಧಾರವಾಗುತ್ತದೆ. ಮಳೆಗಾಲ ಬಂದರೆ ಕಟ್ಟ ಹೋಗುತ್ತದೆ, ಮುಂದಿನ ವರ್ಷ ಪುನಃ ಹೊಸತು. ಸೊಂಟದವರೆಗೆ ನೀರಿನಲ್ಲಿ ನಿಂತು ಕಲ್ಲು ದಾಟಿಸುವ ಪ್ರಾಯದವರು ಈಗ ನಮ್ಮಲ್ಲಿ ಕಡಿಮೆ. ಹಾಗಾಗಿ ಕಾಂಕ್ರೀಟಿನ ಅಡಿ, ಎರಡೂ ಬದಿಗೆ ಮುರಕಲ್ಲಿನ ಗೋಡೆ, ನಡುವೆ ಬೇಕಾದಾಗ ಹಲಗೆ ಇಳಿಸಿ ಮಳೆಗೆ ಮೊದಲು ತೆಗೆಯುವ ಏರ್ಪಾಡು ಮಾಡೋಣ ಎಂದು ತೀರ್ಮಾನವಾಯಿತು. ನಮಗೆ ಸಿಗಬಹುದಾಗಿದ್ದ ನಿಧಿಯ ಷರತ್ತು ಇಷ್ಟೇ: ನೀವು ಎಷ್ಟು ಹಾಕುತ್ತೀರೋ ಅಷ್ಟೇ ನಾವೂ ಹಾಕುತ್ತೇವೆ. ನಿಮ್ಮ ಪಾಲು ಹಣವಾಗಿಯೋ ಸಾಮಾನಾಗಿಯೋ ಶ್ರಮದಾನವಾಗಿಯೋ ಇರಬಹುದು.

ಮೊದಲು ಬೇರೊಂದು ಕಡೆ 1,500 ರೂಪಾಯಿ ಕೊಟ್ಟು ಎಸ್ಟಿಮೇಟ್ ಮಾಡಿಸಿದ್ದೆವು. ಯಾರದೋ ರಸ್ತೆ ಕೆಲಸದ ಫೈಲಿನಲ್ಲಿ ನಮ್ಮ ಹೆಸರು ಸೇರಿಸಿ ಕೊಟ್ಟಿದ್ದರು. ತೋಡಿನ ಕೆಲಸದ ಪಟ್ಟಿಯಲ್ಲಿ ‘ಜಲ್ಲಿ ಹಾಸಿ ರೋಲರ್ ಓಡಿಸುವುದು’ ಎಂಬ ಸಾಲು ಇತ್ತು! ಅರ್ಜಿ ವಾಪಸು ಬಂತು. ಒಂದು ಬೇಸಗೆ ಹಾಗೇ ಕಳೆದುಹೋಯಿತು. ಆ ವರ್ಷ ಏಪ್ರಿಲಿನಲ್ಲಿ ಮೂರು ಮನೆಯವರು ಪಕ್ಕದ ಮನೆಯ ಸುರಂಗದಿಂದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ಕೊಡದಲ್ಲಿ ನೀರು ಹೊತ್ತರು. ಅದನ್ನು ನೆನೆಸಿದರೆ ಈಗಲೂ ನನಗೆ ಸಂಕಟವಾಗುತ್ತದೆ.

2025ರ ಅಕ್ಟೋಬರಿನಲ್ಲಿ ಈ ಅಂಗಡಿಗೆ ಹೋದೆವು. ಅಂಗಡಿಯವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಒಂದು ಉದ್ದ ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಂಡು ಕೇಳಿದರು: “ಅಕ್ಕಾ, ನಿಮ್ಮ ತೋಡು ಯಾವ ತಿಂಗಳಿಗೆ ಬತ್ತುತ್ತದೆ?” ಫೆಬ್ರವರಿ ಕೊನೆಗೆ ಎಂದೆ. “ಮತ್ತೆ ಕೆಲಸ ಡಿಸೆಂಬರಿನಲ್ಲಿ ಅಂತ ಬರೆದದ್ದು ಯಾಕೆ? ಹರಿಯುವ ನೀರಿನಲ್ಲಿ ಅಡಿ ಹಾಕಲಿಕ್ಕೆ ಆಗ್ತದಾ?” ನಾವು ಹಳೆಯ ಕಟ್ಟದ ಲೆಕ್ಕದಲ್ಲಿಯೇ ಯೋಚಿಸಿದ್ದೆವು. ಅವರು ಹಾಳೆಯ ಮೇಲೆ ತಿಂಗಳಿಗೊಂದರಂತೆ ಹನ್ನೆರಡು ಚೌಕ ಎಳೆದು ಮಾರ್ಚಿನಲ್ಲಿ ಅಡಿ ಮತ್ತು ಗೋಡೆ, ಮುಂದಿನ ಡಿಸೆಂಬರಿನಲ್ಲಿ ಹಲಗೆ ಎಂದು ತುಂಬಿಸಿದರು. ಅಡಿಗೆ ಹಾಕಿದ ಕಾಂಕ್ರೀಟಿಗೆ ದಿನವೂ ನೀರುಣಿಸಬೇಕಲ್ಲ, ತೋಡು ಬತ್ತಿದಾಗ ನೀರು ಎಲ್ಲಿಂದ ಎಂಬ ಪ್ರಶ್ನೆಯೂ ಅವರದೇ. ಸುರಂಗದ ಮನೆಯವರ ಒಪ್ಪಿಗೆ ಪತ್ರ ಅರ್ಜಿಗೆ ಸೇರಿದ್ದು ಹಾಗೆ.

ಆಮೇಲೆ ದುಡ್ಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಸಮಿತಿಗಳು ಎಡವುವುದು ಇಲ್ಲಿಯೇ. ಸಿಮೆಂಟು, ಕಬ್ಬಿಣ, ಮೇಸ್ತ್ರಿ ಕೂಲಿ, ಹಲಗೆ ಎಲ್ಲ ಸೇರಿ ಕೈಯಿಂದ ಕೊಡಬೇಕಾದದ್ದು 96,000 ರೂಪಾಯಿ. ನಮ್ಮ ಪುಸ್ತಕದಲ್ಲಿ ಶ್ರಮದಾನ 80 ಆಳು (ಒಬ್ಬರ ಒಂದು ದಿನದ ಕೆಲಸ ಒಂದು ಆಳು), ದಿನಕ್ಕೆ 900ರಂತೆ 72,000. ಊರವರು ಕೊಡುವ 400 ಮುರಕಲ್ಲು 16,000. ನಗದು ಬರೇ 4,000. ನಮ್ಮ ಪಾಲು 92,000, ಅವರದೂ ಅಷ್ಟೇ. ಅವರ 92,000ಕ್ಕೆ ನಮ್ಮ ನಗದು 4,000 ಸೇರಿದರೆ 96,000 ಸರಿಯಾಗುತ್ತಿತ್ತು. ನಾವು ಖುಷಿಯಲ್ಲಿದ್ದೆವು.

ಅವರು 900ರ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಹಾಕಿದರು. “ಪೇಟೆಯ ಕೂಲಿ ಇದಕ್ಕಿಂತ ಹೆಚ್ಚೇ ಇರಬಹುದು. ಆದರೆ ನೋಡಲಿಕ್ಕೆ ಬಂದವರು ಈ ದರ ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲಿಕ್ಕೆ ನಿಮ್ಮ ಹತ್ತಿರ ಕಾಗದ ಉಂಟಾ?” ಕೇರಳದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ಕ್ಕೆ ದಿನಕ್ಕೆ 369 ರೂಪಾಯಿ ಇತ್ತು. ಅದನ್ನೇ ಹಾಕಿಸಿದರು. ಶ್ರಮದಾನ 29,520ಕ್ಕೆ ಇಳಿಯಿತು. ಶ್ರಮದಾನದಿಂದ ಸಿಮೆಂಟು ಕೊಳ್ಳಲಿಕ್ಕಾಗುವುದಿಲ್ಲ, 96,000 ಹಾಗೆಯೇ ನಿಂತಿತ್ತು. ನಮ್ಮ ಪಾಲು ಇಳಿದರೆ ಅವರದೂ ಇಳಿಯುತ್ತದೆ. ಲೆಕ್ಕ ಹಾಕಿದಾಗ ನಾವು ಹೊಂದಿಸಬೇಕಾದ ನಗದು 4,000ದಿಂದ 25,240ಕ್ಕೆ ಏರಿತು. ನನ್ನ ಪಕ್ಕ ಕೂತಿದ್ದ ಅಧ್ಯಕ್ಷರು ನೀರು ಕೇಳಿದರು.

ಆಗ ಅವರು ಕೇಳಿದ ಪ್ರಶ್ನೆಯನ್ನು ನಾನು ಎಂದೂ ಮರೆಯುವುದಿಲ್ಲ. “ಐದು ಜನ ಹದಿನಾರು ದಿನ ಕೆಲಸ ಮಾಡುವಾಗ ಮಧ್ಯಾಹ್ನದ ಗಂಜಿ ಬೇಯಿಸುವವರು ಯಾರು?” ನಮ್ಮ ಅಯಲ್‌ಕೂಟದ (ನೆರೆಕರೆಯ ಮಹಿಳಾ ಗುಂಪು) ಹೆಂಗಸರು, ದಿನಕ್ಕೆ ಇಬ್ಬರು ಎಂದೆ. “ಅವರ ಕೆಲಸ ಈ ಪಟ್ಟಿಯಲ್ಲಿ ಎಲ್ಲಿ?” ಎಲ್ಲಿಯೂ ಇರಲಿಲ್ಲ. ಲೆಕ್ಕ ಬರೆದವಳು ನಾನೇ, ಎಷ್ಟೋ ವರ್ಷ ಕಟ್ಟದ ಕೆಲಸದವರಿಗೆ ಗಂಜಿ ಬೇಯಿಸಿದವಳೂ ನಾನೇ. 32 ಆಳು, ಅದೇ ದರ, 11,808 ರೂಪಾಯಿ. ನೆರೆಯವರು ಬಿಟ್ಟಿಗೆ ಕೊಡುತ್ತೇವೆಂದ ಪಿಕಪ್ಪಿನ ಆರು ಟ್ರಿಪ್ಪಿಗೆ 1,500ರಂತೆ 9,000. ಹೀಗೆ ಶ್ರಮ, ಗಂಜಿ, ಕಲ್ಲು, ಗಾಡಿ ಸೇರಿ 66,328 ಆಯಿತು. ನಗದು 14,836ಕ್ಕೆ ಇಳಿಯಿತು. ಮನೆಗೆ 650 ರೂಪಾಯಿ ಎತ್ತಿದರೆ ಮುಗಿಯಿತು. ನಿಧಿಯಿಂದ ಕೇಳಿದ್ದು 81,164. ಮೊದಲು ಕನಸು ಕಂಡದ್ದಕ್ಕಿಂತ ಕಡಿಮೆ, ಆದರೆ ಪ್ರತಿಯೊಂದು ರೂಪಾಯಿಗೂ ನಮ್ಮ ಹತ್ತಿರ ಉತ್ತರ ಇತ್ತು.

ಹಳೆಯ ಎಸ್ಟಿಮೇಟಿನಲ್ಲಿ ಸಿಮೆಂಟಿಗೆ ಜಿಎಸ್‌ಟಿ 28 ಶೇಕಡ ಎಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದದ್ದನ್ನು ಅವರು ಸರಿಪಡಿಸಿ, ಉಳಿದ ಹಣವನ್ನು ‘ಅನಿರೀಕ್ಷಿತ ಖರ್ಚು’ ಎಂಬ ಸಾಲಿಗೆ ಹಾಕಿದರು. ಆ ಸಾಲೇ ನಮ್ಮಲ್ಲಿ ಇರಲಿಲ್ಲ.

ಜೊತೆಗೆ ಒಂದು ಹಾಜರಿ ಹಾಳೆ ಮಾಡಿಕೊಟ್ಟರು: ತಾರೀಕು, ಹೆಸರು, ಮಾಡಿದ ಕೆಲಸ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಸಹಿ. ಆ ದಿನದ್ದು ಆ ದಿನವೇ ತುಂಬಿಸಬೇಕು, ವಾರದ ಕೊನೆಗೆ ಕೂತು ಬರೆದದ್ದು ಒಂದೇ ಪೆನ್ನಿನ ಶಾಯಿಯಲ್ಲಿ ಗೊತ್ತಾಗುತ್ತದೆ ಎಂದರು. ಮಾರ್ಚಿನಲ್ಲಿ ಆ ಹಾಳೆಗಳು ಅಡುಗೆ ಚಪ್ಪರದ ಕಂಬದಲ್ಲಿ ತೂಗುತ್ತಿದ್ದವು. ಅಂಚಿನಲ್ಲಿ ಅರಸಿನದ ಬೆರಳಚ್ಚು, ಕೆಸರಿನ ಕಲೆ. ಪರಿಶೀಲನೆಗೆ ಬಂದವರು ಮೊದಲು ಕೈಗೆತ್ತಿಕೊಂಡದ್ದು ಅವನ್ನೇ.

ಭಾಷೆಯ ಬಗ್ಗೆಯೂ ಹೇಳಬೇಕು. ನಿಧಿಯ ಫಾರಂ ಮಲಯಾಳದಲ್ಲಿತ್ತು. ಅವರು ಒಂದೊಂದು ಕಾಲಮನ್ನೂ ಕನ್ನಡದಲ್ಲಿ ಓದಿ ಹೇಳಿ, ನಮ್ಮ ಉತ್ತರ ಕೇಳಿಯೇ ಮಲಯಾಳದಲ್ಲಿ ಟೈಪ್ ಮಾಡಿದರು. ತೋಡಿನಲ್ಲಿ ಕೆಲಸ ಮಾಡಲು ಪಂಚಾಯತಿಗೆ ಕೊಡುವ ಅನುಮತಿ ಅರ್ಜಿಯನ್ನು ಮಾತ್ರ ಕನ್ನಡದಲ್ಲೇ ಮಾಡಿಕೊಟ್ಟರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರಿಗೆ ಆ ಹಕ್ಕು ಉಂಟು, ನಾವೇ ಬಳಸದಿದ್ದರೆ ಹೇಗೆ ಎಂದರು. ಈ ಮಾತಿಗೆ ನಾನು ಅವರಿಗೆ ಕೈಮುಗಿದೆ.

ಕೊರತೆಗಳೂ ಇವೆ. ಒಬ್ಬರೇ ನಡೆಸುವ ಅಂಗಡಿ, ನಮ್ಮ ಕೆಲಸಕ್ಕೆ ನಾಲ್ಕು ಸಲ ಹೋಗಬೇಕಾಯಿತು. ಮೆಟ್ಟಿಲು ಕಡಿದಾಗಿದೆ, ಹಿಡಿಯಲು ಕಂಬಿ ಇಲ್ಲ, ಪ್ರಾಯ ಆದವರಿಗೆ ಕಷ್ಟ. ನಾವು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿಸಿ ತಂದಿದ್ದ ಫೈಲನ್ನು ಯುನಿಕೋಡಿಗೆ ಬದಲಿಸಿದಾಗ ಒತ್ತಕ್ಷರಗಳು ಹಾಳಾಗಿ ‘ಕಟ್ಟ’ ಎಲ್ಲಾ ಕಡೆ ‘ಕಟ’ ಆಗಿತ್ತು. ಪ್ರಿಂಟ್ ತೆಗೆಯುವ ಮೊದಲು ನೀವೇ ಒಮ್ಮೆ ಓದಿ. ಮಾರ್ಚಿನಲ್ಲಿ ಹೋಗಲೇಬೇಡಿ, ವರ್ಷಾಂತ್ಯದ ಬಿಲ್ಲುಗಳ ರಾಶಿಯಲ್ಲಿ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ.

ಎಲ್ಲಕ್ಕೂ ಸೇರಿ ಅವರು ತೆಗೆದುಕೊಂಡದ್ದು 850 ರೂಪಾಯಿ. ಹೋಗುವಾಗ ತೋಡಿನ ಅಗಲ, ದಂಡೆಯ ಎತ್ತರ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಗೊತ್ತಿರುವ ಒಬ್ಬರು ಹಿರಿಯರನ್ನೂ ಕರೆದುಕೊಂಡು ಹೋಗಿ. ನಮ್ಮ ಅಡಿ, ಗೋಡೆ ಮುಗಿದಿದೆ. ಹಲಗೆಗಳು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿವೆ, ಡಿಸೆಂಬರಿನಲ್ಲಿ ಇಳಿಸುತ್ತೇವೆ.