266ರ ಲೇಸರಿಗೆ ಯಾವ ವಜ್ರ ಒಳ್ಳೆಯದು?

ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಬಿಡುವ ವಸ್ತು, ಅಂದರೆ ಫೋಟೋಕ್ಯಾಥೋಡ್, ಆರಿಸುವ ಮಾತಿದು. ನನ್ನ ಓಟು ನೈಟ್ರೋಜನ್ ಸೇರಿಸಿ ಬೆಳೆಸಿದ ನ್ಯಾನೋ ವಜ್ರದ ಪದರಕ್ಕೆ. ಅದರ ಜೊತೆ ಅದೇ ವ್ಯಾಕ್ಯೂಮ್ ಚೇಂಬರಿನಲ್ಲಿ ತಾಮ್ರ, ಬೋರಾನ್ ಸೇರಿದ ವಜ್ರ, ನೈಟ್ರೋಜನ್ ಇರುವ ಒಂಟಿ ಹರಳು ಮೂರನ್ನೂ ನೋಡಿದ್ದೇನೆ. ಲೇಸರ್ ಒಂದೇ, 266 ನ್ಯಾನೋಮೀಟರಿನದು. ವಜ್ರಗಳಿಗೆಲ್ಲ ಮೈಮೇಲೆ ಹೈಡ್ರೋಜನ್ ಕೂರಲಿ ಅಂತ ಮೊದಲೇ ಹೈಡ್ರೋಜನ್ ಪ್ಲಾಸ್ಮಾ ಕೊಡಿಸಿದ್ದೆ.

ತಾಮ್ರ ನಂಬಿಕಸ್ಥ, ಆದರೆ ಜಿಪುಣ. ಲಕ್ಷ ಫೋಟಾನ್ ಬಿದ್ದರೆ ಬೆರಳೆಣಿಕೆಯಷ್ಟು ಎಲೆಕ್ಟ್ರಾನ್ ಬರುತ್ತವೆ.

ಬೋರಾನ್ ವಜ್ರದಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ. ಮೈಮೇಲೆ ಹೈಡ್ರೋಜನ್ ಇದ್ದರೆ, ಮೇಲಿನ ಪಟ್ಟಿಗೆ (ಎಲೆಕ್ಟ್ರಾನ್ ಸಲೀಸಾಗಿ ಓಡಾಡುವ ಶಕ್ತಿಯ ಮಟ್ಟಕ್ಕೆ) ಏರಿದ ಎಲೆಕ್ಟ್ರಾನ್ ತಾನಾಗಿಯೇ ಹೊರಬೀಳುತ್ತದೆ. ಏರಿಸುವುದೇ ಕಷ್ಟ. ವಜ್ರದಲ್ಲಿ ಕೆಳಗಿನ ಪಟ್ಟಿಯಿಂದ ಮೇಲಿನದಕ್ಕೆ ಇರುವ ಅಂತರ 5.47 ಎಲೆಕ್ಟ್ರಾನ್ ವೋಲ್ಟ್, ನಮ್ಮ ಫೋಟಾನಿನ ಶಕ್ತಿ 4.66 ಮಾತ್ರ. ಇನ್ನೂ ಶಕ್ತಿಯ ಫೋಟಾನ್ ಕೊಡುವ 213 ನ್ಯಾನೋಮೀಟರಿನ ಲೇಸರ್ ಇದ್ದವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ನಮ್ಮಲ್ಲಿ ಅದಕ್ಕೆ ದುಡ್ಡಿಲ್ಲ.

ತಲೆ ತಿಂದಿದ್ದು ಒಂಟಿ ಹರಳು. ಕಾಗದದ ಮೇಲೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ನೈಟ್ರೋಜನ್ನಿನ ಎಲೆಕ್ಟ್ರಾನ್ ಮೇಲಿನ ಪಟ್ಟಿಗಿಂತ 1.7 ಎಲೆಕ್ಟ್ರಾನ್ ವೋಲ್ಟ್ ಮಾತ್ರ ಕೆಳಗಿರುತ್ತದೆ, ಹಸಿರು ಬೆಳಕೇ ಸಾಕು ಅನಿಸುತ್ತದೆ ಅಲ್ವಾ? ಶಟರ್ ತೆಗೆದ ಕೂಡಲೇ ಪಿಕೋಆಮೀಟರ್ (ತೀರಾ ಸಣ್ಣ ಕರೆಂಟು ಅಳೆಯುವ ಮೀಟರ್) ಜಿಗಿಯಿತು. ನೋಡನೋಡುತ್ತಲೇ ಇಳಿಯಿತು. ಲೇಸರ್ ಜಾಸ್ತಿ ಮಾಡಿದರೂ ಅದೇ ಕಥೆ. ಕಿಟಕಿಯ ಗಾಜು ಒರೆಸಿ ನೋಡಿದರೂ ಅಷ್ಟೇ. ಬೆಳಕಿನ ಚುಕ್ಕೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಮತ್ತೆ ಜಿಗಿತ, ಮತ್ತೆ ಇಳಿತ. ಆಗ ಗೊತ್ತಾಯಿತು, ಸುಸ್ತಾಗುತ್ತಿರುವುದು ಬೆಳಕು ಬಿದ್ದ ಆ ಜಾಗ.

1.7 ಅಂದರೆ ತೀರಾ ಆಳ. ಕೋಣೆಯ ಬಿಸಿಗೆ ಒಂದೂ ಎಲೆಕ್ಟ್ರಾನ್ ಬಿಡುಗಡೆಯಾಗುವುದಿಲ್ಲ, ಹಾಗಾಗಿ ಹರಳು ಕರೆಂಟೇ ಹರಿಸುವುದಿಲ್ಲ. ಹೊರಗೆ ಹೋದವುಗಳ ಜಾಗ ತುಂಬಲು ಹಿಂದಿನಿಂದ ಯಾರೂ ಬರುವುದಿಲ್ಲ. ಉಳಿದ ಧನ ಚಾರ್ಜ್ ಮುಂದಿನವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ, ಇಂಥ ವಜ್ರದಲ್ಲಿ ಪಟ್ಟಿಗಳು ಮೈ ಹತ್ತಿರ ಮೇಲಕ್ಕೆ ಬಾಗಿರುತ್ತವೆ, ಅದೂ ಒಂದು ಅಡ್ಡಿ.

ಕಾಯಿಸಿದರೆ ಸರಿಹೋಗುತ್ತದೆ, ಸುಳ್ಳಲ್ಲ. ಆದರೆ ಹೋಲ್ಡರ್ ಬಿಸಿಯಾದಂತೆ ಅನಿಲ ಬಿಡುತ್ತದೆ, ಒತ್ತಡ ಏರುತ್ತದೆ, ಪಂಪ್ ಎಳೆಯುವವರೆಗೆ ಕಾಯಬೇಕು. ಅವಸರದಲ್ಲಿ ಅತಿಯಾಗಿ ಕಾಯಿಸಿದರೆ ಹೈಡ್ರೋಜನ್ನೇ ಹಾರಿಹೋಗಿ ಮತ್ತೆ ಪ್ಲಾಸ್ಮಾಕ್ಕೆ ಓಡಬೇಕು.

ಪದರಕ್ಕೆ ಈ ರಗಳೆ ಇಲ್ಲ. ಅದರ ಕಣಗಳು ಕೆಲವೇ ನ್ಯಾನೋಮೀಟರಿನವು, ನಡುವಿನ ಸಂದುಗಳಲ್ಲಿ ಗ್ರಾಫೈಟಿನಂಥ ಇಂಗಾಲ. ಕರೆಂಟು ಹರಿಯುವುದೂ ಅಲ್ಲೇ, 266ರ ಬೆಳಕು ಹೀರುವುದೂ ಅಲ್ಲೇ. ಹೋದ ಎಲೆಕ್ಟ್ರಾನಿನ ಜಾಗ ತಕ್ಷಣ ತುಂಬುತ್ತದೆ. ಜಾಗದಿಂದ ಜಾಗಕ್ಕೆ ಕರೆಂಟು ಸ್ವಲ್ಪ ಏರುಪೇರಾಗುತ್ತದೆ, ಅದೊಂದು ಕೊರತೆ.

ಇದೇ ಕೆಲಸಕ್ಕೆ ಬಳಸುವ ಇನ್ನೊಂದು ವಸ್ತು, ಸೀಸಿಯಂ ಬಳಿದ ಗ್ಯಾಲಿಯಂ ಆರ್ಸೆನೈಡ್, ಯಾಕಿಲ್ಲ ಅಂತ ಕೇಳಬೇಡಿ. ನಾನು ಚೇಂಬರ್ ಪದೇ ಪದೇ ತೆಗೆಯುವವನು. ಗಾಳಿ ತಾಗಿದರೆ ಅದರ ಕಥೆ ಮುಗಿಯಿತು. ಪದರವಾದರೆ ವ್ಯಾಕ್ಯೂಮಿನಲ್ಲಿ ಹದವಾಗಿ ಕಾಯಿಸಿ ನೀರಿನಂಶ ಓಡಿಸಿದರೆ ಮತ್ತೆ ಕೆಲಸಕ್ಕೆ ತಯಾರು. ಇನ್ನೊಂದಕ್ಕೆ ಆರ್ಡರ್ ಕೊಟ್ಟಾಗಿದೆ. ಒಂಟಿ ಹರಳು ಸುಮ್ನೆ ಡಬ್ಬಿಯಲ್ಲಿದೆ, ಬಿಸಿ ಹೋಲ್ಡರ್ ಜೊತೆ ಏಗುವ ತಾಳ್ಮೆ ಇದ್ದವರಿಗೆ ಕಡ ಕೊಡುತ್ತೇನೆ.