ಮಡಿಕೇರಿಯ ಕಾಫಿ ಸೋಪು, ಕಿತ್ತಳೆ ಕ್ರೀಮು: ಡಬ್ಬಿಯ ಹಿಂಬದಿ ಏನು ಹೇಳುತ್ತದೆ

ಮಡಿಕೇರಿ ಮತ್ತು ಕುಶಾಲನಗರದ ಸ್ಪೈಸಸ್ ಅಂಗಡಿಗಳಲ್ಲಿ ಏಲಕ್ಕಿ, ಕಾಳುಮೆಣಸು, ಜೇನುತುಪ್ಪ ಹಾಗೂ ಹೋಂ ಮೇಡ್ ಚಾಕಲೇಟುಗಳ ಪಕ್ಕದಲ್ಲಿ ಈಗ ಸೋಪು, ಕ್ರೀಮುಗಳ ಸಾಲೂ ಕಾಣಿಸುತ್ತದೆ. ಪ್ರವಾಸಿಗರು ಇವನ್ನು ಊರಿನ ನೆನಪಿಗೆಂದು ಕೊಳ್ಳುತ್ತಾರೆ. ನಾವು ಇಲ್ಲಿಯವರು, ನಮ್ಮ ತೋಟದ ಬೆಳೆ ಇದರಲ್ಲಿದೆ ಎಂಬ ಅಭಿಮಾನದಿಂದ ಕೊಳ್ಳುತ್ತೇವೆ. ಆ ಅಭಿಮಾನಕ್ಕೆ ಡಬ್ಬಿಯೊಳಗೆ ಎಷ್ಟು ಆಧಾರವಿದೆ ಎಂದು ತಿಳಿಯಲು ಯಂತ್ರದಲ್ಲಿ ತಯಾರಾದ ಒಂದು ಕಾಫಿ ಸೋಪು, ಕೈಯಲ್ಲಿ ಮಾಡಿದ ಒಂದು ಕಾಫಿ ಸೋಪು, ಒಂದು ಕಿತ್ತಳೆ ಫೇಸ್ ಕ್ರೀಮು, ಇವುಗಳಿಗೆ ಹೋಲಿಕೆಯಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಪರಿಮಳವಿಲ್ಲದ ಒಂದು ಮಾಯಿಶ್ಚರೈಸರ್ ಕೊಂಡು ಬಳಸಿದ್ದೇನೆ. ಇದೇ ಬಗೆಯ ಸಾಮಾನು ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ತಯಾರಕರ ಹೆಸರನ್ನು ಇಲ್ಲಿ ಬರೆದಿಲ್ಲ. ಘಟಕಗಳ ಪಟ್ಟಿಯನ್ನು ಗುರುತಿಸಲು ಬಂದರೆ ಹೆಸರು ಯಾವುದಾದರೂ ತೊಂದರೆಯಿಲ್ಲ.

ನಮ್ಮ ದೇಶದ ನಿಯಮದ ಪ್ರಕಾರ ಸೌಂದರ್ಯವರ್ಧಕಗಳ ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ. 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಆ ಶೇ. 1ರ ಗೆರೆ ಎಲ್ಲಿದೆ ಎಂದು ಡಬ್ಬಿಯ ಮೇಲೆ ಯಾರೂ ಗುರುತು ಹಾಕಿರುವುದಿಲ್ಲವಾದರೂ, ಅದನ್ನು ಊಹಿಸಲು ಒಂದು ದಾರಿಯಿದೆ. ಕ್ರೀಮು ಕೆಡದಂತೆ ಬಳಸುವ ಫಿನಾಕ್ಸಿಇಥನಾಲ್‌ಗೆ ಯುರೋಪಿನ ನಿಯಮ ಶೇ. 1ರ ಮಿತಿಯನ್ನು ವಿಧಿಸಿದ್ದು, ತಯಾರಕರು ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ಅದರ ನಂತರ ಬರುವ ಹಣ್ಣು, ಹೂವು, ಬೇರುಗಳ ಹೆಸರುಗಳೆಲ್ಲ ಬಹುಮಟ್ಟಿಗೆ ಅತ್ಯಲ್ಪ ಪ್ರಮಾಣದವು ಎಂದು ತಿಳಿಯಬಹುದು. ತೀರ ಸಣ್ಣ ಪ್ಯಾಕುಗಳಿಗೆ ಈ ಪಟ್ಟಿಯಿಂದಲೇ ವಿನಾಯಿತಿಯಿದೆ. ಉಡುಗೊರೆಗೆಂದು ಮಾರುವ ಚಿಕ್ಕ ಡಬ್ಬಿಗಳ ಹಿಂಬದಿ ಖಾಲಿ ಇರುವುದಕ್ಕೆ ಇದೂ ಒಂದು ಕಾರಣ. ಅಂಥವನ್ನು ಮುಖಕ್ಕೆ ಹಚ್ಚುವ ಉದ್ದೇಶವಿದ್ದರೆ ಕೊಳ್ಳದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಯಂತ್ರದ ಕಾಫಿ ಸೋಪಿನ ಪಟ್ಟಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ನೀರು, ಗ್ಲಿಸರಿನ್, ಪರಿಮಳ ಎಂದು ಸಾಗಿ, ಅದಾದ ಮೇಲೆ ಕಾಫಿ ಪುಡಿ ಮತ್ತು ಬಣ್ಣಗಳಿಗೆ ಬರುತ್ತದೆ. ಎಂದರೆ ಇದು ತಾಳೆ ಎಣ್ಣೆಯ ಸಾಮಾನ್ಯ ಸೋಪು. ಸ್ನಾನದ ಮನೆಯನ್ನು ತುಂಬುವ ಕಾಫಿಯ ಘಮ ಮುಖ್ಯವಾಗಿ ಪರಿಮಳದ ದ್ರವ್ಯದ್ದು. ಹೊದಿಕೆಯ ಮೇಲೆ ಗ್ರೇಡ್ 3 ಎಂದಿದೆ. ಭಾರತೀಯ ಮಾನಕದಲ್ಲಿ ಟಾಯ್ಲೆಟ್ ಸೋಪಿನ ಒಟ್ಟು ಕೊಬ್ಬಿನಾಂಶ, ಅಂದರೆ ಟಿಎಫ್‌ಎಂ, ಗ್ರೇಡ್ 1ಕ್ಕೆ ಕನಿಷ್ಠ ಶೇ. 76, ಗ್ರೇಡ್ 2ಕ್ಕೆ ಶೇ. 70, ಗ್ರೇಡ್ 3ಕ್ಕೆ ಶೇ. 60 ಇರಬೇಕು. ನಮ್ಮ ರಾಜ್ಯದ್ದೇ ಆದ ಮೈಸೂರು ಸ್ಯಾಂಡಲ್ ಸೋಪು ಗ್ರೇಡ್ 1ರದ್ದಾಗಿದ್ದು, ಶೇ. 80ರ ಟಿಎಫ್‌ಎಂ ಹೊಂದಿದೆ. ಬೆಲೆಯಲ್ಲಿ ಅದನ್ನು ಮೀರಿಸುವ ಕಾಫಿ ಸೋಪು ಗುಣದಲ್ಲಿ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿರುವುದು ನನಗೆ ಸರಿಕಾಣಲಿಲ್ಲ. ಆದರೆ ಟಿಎಫ್‌ಎಂ ಹೆಚ್ಚಿದ್ದ ಮಾತ್ರಕ್ಕೆ ಸೋಪು ಮುಖಕ್ಕೆ ಸೌಮ್ಯವೆಂದು ಅರ್ಥವಲ್ಲ. ನಿಜವಾದ ಸೋಪು ಯಾವುದಾದರೂ ಕ್ಷಾರೀಯವೇ. ಅದರ ಪಿಎಚ್ ಸುಮಾರು 9ರಿಂದ 10 ಇರುತ್ತದೆ, ನಮ್ಮ ಚರ್ಮದ ಮೇಲ್ಪದರ 5ರ ಆಸುಪಾಸಿನ ಆಮ್ಲೀಯ ಸ್ಥಿತಿಯಲ್ಲಿರುತ್ತದೆ. ಮುಖ ತೊಳೆದ ಮೇಲೆ ಬಿಗಿದಂತಾಗುವವರಿಗೆ ಸೋಪಲ್ಲದ ಕ್ಲೆನ್ಸರ್ ಹೆಚ್ಚು ಹೊಂದುತ್ತದೆ.

ಕೈಯಲ್ಲಿ ಮಾಡಿದ ಸೋಪಿನ ಪಟ್ಟಿ ಬಹಳ ಚಿಕ್ಕದು: ತೆಂಗಿನೆಣ್ಣೆ, ನೀರು, ಕಾಸ್ಟಿಕ್ ಸೋಡ, ಕಾಫಿ ಪುಡಿ. ಕಾಸ್ಟಿಕ್ ಸೋಡ ಎಂದು ಓದಿ ಹೆದರುವವರಿದ್ದಾರೆ. ಎಣ್ಣೆಯ ಜೊತೆ ಸೇರಿ ಅದು ಸೋಪಾಗಿ ಬದಲಾಗುತ್ತದೆ. ಅಳತೆ ಸರಿಯಿದ್ದು, ಸಾಕಷ್ಟು ವಾರ ಒಣಗಿಸಿದ್ದರೆ ಅದು ಹಾಗೆಯೇ ಉಳಿದಿರುವುದಿಲ್ಲ. ಈ ಕ್ರಿಯೆಯಲ್ಲಿ ಹುಟ್ಟುವ ಗ್ಲಿಸರಿನ್ ಕೂಡ ಸೋಪಿನಲ್ಲೇ ಇರುತ್ತದೆ. ಆದರೂ ಬರಿಯ ತೆಂಗಿನೆಣ್ಣೆಯ ಸೋಪು ಜಿಡ್ಡನ್ನು ಬಲವಾಗಿ ತೆಗೆಯುತ್ತದೆ, ಕಾಫಿಯ ತರಿಯೂ ಒರಟು. ಹಾಗಾಗಿ ಮುಖಕ್ಕೆ ಇದು ಬೇಡ. ಕೈಗಳಿಗೆ ಮಾತ್ರ ಇದಕ್ಕಿಂತ ಒಳ್ಳೆಯದನ್ನು ನಾನು ಆ ಕಪಾಟಿನಲ್ಲಿ ಕಾಣಲಿಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಅಂಟು ಹಿಡಿದ ಬೆರಳುಗಳನ್ನು ಇದು ಚೆನ್ನಾಗಿ ಶುಚಿಗೊಳಿಸುತ್ತದೆ. ಹೆಸರಿನಲ್ಲಿರುವ ಕಾಫಿ ಪಟ್ಟಿಯಲ್ಲೂ, ಸೋಪಿನಲ್ಲೂ ಕಣ್ಣಿಗೆ ಕಾಣುವಂತೆ ಇದೆ ಎಂಬುದು ನನಗೆ ಸಂತೋಷ ಕೊಟ್ಟ ವಿಷಯ.

ನನಗೆ ಹೆಚ್ಚು ಅಸಮಾಧಾನವಾದದ್ದು ಕಿತ್ತಳೆ ಕ್ರೀಮಿನ ವಿಷಯದಲ್ಲಿ. ಮುಚ್ಚಳದ ಮೇಲೆ ಕೊಡಗಿನ ಕಿತ್ತಳೆಯ ಚಿತ್ರ, ಅದರ ಕೆಳಗೆ ವಿಟಮಿನ್ ಸಿ ಎಂಬ ಮಾತು. ಹಿಂಬದಿಯ ಪಟ್ಟಿಯಲ್ಲಿ ನೀರು, ಮಿನರಲ್ ಆಯಿಲ್, ಗ್ಲಿಸರೈಲ್ ಸ್ಟಿಯರೇಟ್, ಸೀಟೈಲ್ ಆಲ್ಕೋಹಾಲ್, ಪರಿಮಳ, ಫಿನಾಕ್ಸಿಇಥನಾಲ್, ಎಲ್ಲದರ ಕೊನೆಗೆ ಕಿತ್ತಳೆ ಸಿಪ್ಪೆಯ ಎಣ್ಣೆ ಮತ್ತು ಲಿಮೊನೀನ್. ವಿಟಮಿನ್ ಸಿ ನೀರಿನಲ್ಲಿ ಕರಗುವ ವಸ್ತು. ಸಿಪ್ಪೆಯನ್ನು ಹಿಂಡಿ ತೆಗೆಯುವ ಸುಗಂಧ ತೈಲದಲ್ಲಿ ಅದು ಇರುವುದಿಲ್ಲ. ಕ್ರೀಮಿನಲ್ಲಿ ಅದು ನಿಜಕ್ಕೂ ಇದ್ದರೆ ಆಸ್ಕಾರ್ಬಿಕ್ ಆಮ್ಲ ಎಂದೋ, ಅದರಿಂದ ತಯಾರಾದ ಸೋಡಿಯಂ ಆಸ್ಕಾರ್ಬೈಲ್ ಫಾಸ್ಫೇಟ್‌ನಂಥ ಹೆಸರಿನಿಂದಲೋ ಪಟ್ಟಿಯಲ್ಲಿ ಕಾಣಬೇಕು, ಇಲ್ಲಿ ಅಂಥ ಹೆಸರಿಲ್ಲ. ಬೆಳಕು ಮತ್ತು ಗಾಳಿಗೆ ಬೇಗ ಕೆಡುವ ಆಸ್ಕಾರ್ಬಿಕ್ ಆಮ್ಲವನ್ನು ಅಗಲ ಬಾಯಿಯ ಪಾರದರ್ಶಕ ಡಬ್ಬಿಯಲ್ಲಿ ತುಂಬಿ ಮಾರುವುದರಲ್ಲಿ ಅರ್ಥವೂ ಇಲ್ಲ. ಇನ್ನು ಲಿಮೊನೀನ್ ಗಾಳಿಯೊಡನೆ ಬೆರೆತು ಹಳತಾದಂತೆ ಕೆಲವರ ಚರ್ಮಕ್ಕೆ ಅಲರ್ಜಿ ತರುವ ವಸ್ತುವಾಗುತ್ತದೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಆ ಮಾನ್ಯತೆ ಹಣ್ಣಿನದು, ಹಣ್ಣಿನ ಚಿತ್ರ ಹೊತ್ತ ಕ್ರೀಮಿನದಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಈ ಕ್ರೀಮು ಚರ್ಮವನ್ನು ಮೃದುಗೊಳಿಸುತ್ತದೆ, ಆದರೆ ಆ ಕೆಲಸ ಮಾಡುವುದು ಮಿನರಲ್ ಆಯಿಲ್. ಸೀಟೈಲ್ ಆಲ್ಕೋಹಾಲ್ ಬಗ್ಗೆಯೂ ಆತಂಕ ಬೇಡ. ಅದು ಮೇಣದಂಥ ಕೊಬ್ಬಿನ ಪದಾರ್ಥ, ಚರ್ಮ ಒಣಗಿಸುವ ಸ್ಪಿರಿಟ್ಟಿನ ಬಗೆಯದಲ್ಲ.

ಮೆಡಿಕಲ್ ಶಾಪಿನ ಮಾಯಿಶ್ಚರೈಸರಿನ ಡಬ್ಬಿ ನೋಡಲು ಸಪ್ಪೆ, ಪಟ್ಟಿ ಮಾತ್ರ ತೃಪ್ತಿಕರ: ನೀರಿನ ನಂತರ ಎರಡನೆಯ ಸ್ಥಾನದಲ್ಲೇ ಗ್ಲಿಸರಿನ್, ಆಮೇಲೆ ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್, ಪರಿಮಳವಿಲ್ಲ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಉಳಿದೆರಡು ಆ ನೀರು ಆರಿಹೋಗದಂತೆ ಮೇಲೆ ಪದರ ಕಟ್ಟುತ್ತವೆ. ಡಿಸೆಂಬರ್, ಜನವರಿಯ ಒಣಚಳಿಯಲ್ಲಿ ತುಟಿ, ಹಿಮ್ಮಡಿ ಒಡೆಯುವ ನಮ್ಮ ಕಡೆಯವರಿಗೆ ಬೇಕಾದದ್ದು ಇದೇ. ಹಿಮ್ಮಡಿಗೆ ಇನ್ನೂ ಅಗ್ಗದ ಉಪಾಯ ಬಿಳಿ ಪೆಟ್ರೋಲಿಯಂ ಜೆಲ್ಲಿ; ಸ್ನಾನವಾದ ತಕ್ಷಣ, ಕಾಲಿನ ತೇವ ಪೂರ್ತಿ ಆರುವ ಮೊದಲು ಹಚ್ಚಿದರೆ ಫಲ ಹೆಚ್ಚು. ಮಳೆಗಾಲದಲ್ಲಿ ಇಷ್ಟು ಜಿಡ್ಡು ಬೇಕಾಗುವುದಿಲ್ಲ, ಹಗುರವಾದ ಲೋಷನ್ ಸಾಕು.

ಪ್ರಿಸರ್ವೇಟಿವ್ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡ ಕ್ರೀಮುಗಳೂ ಆ ಕಪಾಟಿನಲ್ಲಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಊರಿನಲ್ಲಿ, ನೀರು ಸೇರಿದ ಕ್ರೀಮಿಗೆ ಕೆಡದಂತೆ ಕಾಪಾಡುವ ವಸ್ತು ಬೇಕೇ ಬೇಕು. ನೀರಿಲ್ಲದ ಮೇಣ, ಎಣ್ಣೆಗಳ ಬಾಮುಗಳಾದರೆ ಆ ಮಾತು ಒಪ್ಪಬಹುದು.

ಒಟ್ಟಿನಲ್ಲಿ ಕೈಯಲ್ಲಿ ಮಾಡಿದ ಸೋಪು ಮತ್ತು ಸಪ್ಪೆ ಡಬ್ಬಿಯ ಮಾಯಿಶ್ಚರೈಸರ್ ಎರಡನ್ನೂ ಮತ್ತೆ ಕೊಳ್ಳುತ್ತೇನೆ. ಯಂತ್ರದ ಕಾಫಿ ಸೋಪು ಘಮ ಇಷ್ಟಪಡುವವರಿಗೆ ಇರಲಿ, ಕಿತ್ತಳೆ ಕ್ರೀಮನ್ನು ಯಾರಿಗೂ ಶಿಫಾರಸು ಮಾಡಲಾರೆ. ಯಾವುದನ್ನೇ ಹೊಸದಾಗಿ ತಂದರೂ ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಕೆಲವು ದಿನ ತುರಿಕೆ ಅಥವಾ ಕೆಂಪು ಕಾಣಿಸದಿದ್ದರೆ ಮಾತ್ರ ಮುಖಕ್ಕೆ ಬಳಸಿ. ಮೊದಲೇ ಇಸುಬು ಇರುವವರು ಚರ್ಮದ ಡಾಕ್ಟರಿಗೆ ಆ ಪಟ್ಟಿಯನ್ನೇ ತೋರಿಸಿ ಕೇಳುವುದು ಒಳ್ಳೆಯದು.