ಹಳೇ ಸೇಬಿನ ತೋಟಕ್ಕೆ ಬುಟ್ಟಿ ದೋಟಿ: ತಗೋಬಹುದಾ?

ತಗೋಬಹುದು, ಆದರೆ ಎಲ್ಲಾ ಹಣ್ಣಿಗೂ ಅಲ್ಲ. ತುದಿಯಲ್ಲಿ ತಂತಿ ಬುಟ್ಟಿ, ಎಳೆದು ಉದ್ದ ಮಾಡಿಕೊಳ್ಳುವ ಅಲ್ಯೂಮಿನಿಯಂ ಕೋಲು, ಇಷ್ಟೇ ಇದು. ಈ ಶರತ್ಕಾಲದ ಕೊಯ್ಲು ಪೂರ್ತಿ ಇದನ್ನೇ ಹಿಡಿದು ಓಡಾಡಿದ್ದೇನೆ.

ನಿಮ್ಮದು ಎಂ9 ತರಹದ ಗಿಡ್ಡ ಬೇರುಗಿಡದ (ಕಸಿಗೆ ಬುಡವಾಗಿ, ಮರವನ್ನು ಗಿಡ್ಡಗಿಡುವ ತಳಿ) ಮೇಲೆ ಕಸಿ ಮಾಡಿದ ಹೊಸ ತೋಟವಾದರೆ ಮರ 8-10 ಅಡಿ ದಾಟುವುದೇ ಅಪರೂಪ, ಹೆಚ್ಚಿನ ಹಣ್ಣು ನಿಂತಲ್ಲೇ ಕೈಗೆ ಸಿಗುತ್ತದೆ, ದೋಟಿ ಸುಮ್ನೆ ದಂಡ. ಹಳೇ ತೋಟಗಳ ಕಥೆ ಬೇರೆ. ಅಲ್ಲಿ ಮರಗಳು 20-25 ಅಡಿ ಆರಾಮಾಗಿ ಏರುತ್ತವೆ, ಒಳ್ಳೇ ಬಣ್ಣ ಬಂದ ಹಣ್ಣೆಲ್ಲ ಬಿಸಿಲು ಬೀಳುವ ನೆತ್ತಿಯಲ್ಲೇ ಕೂತಿರುತ್ತವೆ. ಅದೂ ಅಲ್ಲದೆ ಒಂದೇ ಮರದ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ಮೇಲಿನದು, ಹೊರಗಿನದು ಮೊದಲು, ಒಳಗೆ ನೆರಳಲ್ಲಿರುವುದು ಆಮೇಲೆ. ಪ್ರತಿ ಸಲ ಏಣಿ ಹೊತ್ತು ತಿರುಗುವ ಬದಲು ದೋಟಿ ಹಿಡಿದು ಒಂದು ಸುತ್ತು ಹಾಕಿದರೆ ಮಾಗಿದ್ದನ್ನಷ್ಟೇ ಆರಿಸಿ ಇಳಿಸಬಹುದು. ಈ ಒಂದು ಕೆಲಸಕ್ಕೇ ಕೊಟ್ಟ ದುಡ್ಡು ಸಾರ್ಥಕ.

ತೊಂದರೆ ಇರುವುದು ಕೀಳುವ ರೀತಿಯಲ್ಲಿ. ಸೇಬನ್ನು ಜಗ್ಗಬಾರದು, ಅಲ್ವಾ? ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ಮಾಗಿದ ಹಣ್ಣು ತೊಟ್ಟಿನ ಸಮೇತ ಕಳಚಿಕೊಳ್ಳುತ್ತದೆ. ದೋಟಿಗೆ ಗೊತ್ತಿರುವುದು ಜಗ್ಗುವುದೊಂದೇ. ಬುಟ್ಟಿಯ ಬಾಯಲ್ಲಿರುವ ಬಾಗಿದ ತಂತಿಗಳು ತೊಟ್ಟಿಗೆ ಸಿಕ್ಕಿದರೆ ಸರಿ, ಹಣ್ಣು ಟಪ್ ಅಂತ ಒಳಗಿನ ಸ್ಪಂಜಿನ ಮೇಲೆ ಬೀಳುತ್ತದೆ. ಸ್ವಲ್ಪ ಆಚೆ ಸಿಕ್ಕಿತೋ, ಹಣ್ಣಿನ ಜೊತೆ ಸುಕ್ಕುಸುಕ್ಕಾದ ಗಿಡ್ಡ ಕಡ್ಡಿಯೂ ಮುರಿದು ಬರುತ್ತದೆ. ಮುಂದಿನ ವರ್ಷದ ಹೂಮೊಗ್ಗು ಇರುವುದೇ ಆ ಕಡ್ಡಿಯಲ್ಲಿ. ಬುಟ್ಟಿಯನ್ನು ಹಣ್ಣಿನ ಅಡಿಯಿಂದ ತಂದು, ಮೇಲಕ್ಕೊತ್ತಿ, ಕೋಲನ್ನು ಕಾಲು ಸುತ್ತು ತಿರುಗಿಸಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ತಿರುಚಿ ಬಿಗಿ ಮಾಡುವ ಕೋಲಾದರೆ ಅಷ್ಟರಲ್ಲಿ ಅದರ ಬಿಗಿಯೇ ಸಡಿಲಾಗಿ ಮೇಲಿನ ತುಂಡು ಸರ್ರನೆ ಒಳಗೆ ಜಾರುತ್ತದೆ, ನನ್ನದು ಹಾಗೇ. ನೀವು ಗುಂಡಿ ಅಥವಾ ಕ್ಲಿಪ್ ಇರುವುದನ್ನೇ ನೋಡಿ ತಗೊಳ್ಳಿ.

ಬುಟ್ಟಿಯಲ್ಲಿ 4 ಹಣ್ಣು ಹಿಡಿಯುತ್ತದೆ ಅಂತ ಚೀಟಿಯಲ್ಲಿ ಬರೆದಿದ್ದಾರೆ. ಹಿಡಿಯುತ್ತದೆ ನಿಜ, ಪೂರ್ತಿ ಎಳೆದ ಕೋಲು 2 ಹಣ್ಣಿಗೇ ಬಾಗುತ್ತದೆ! ಮೇಲೆ ನೋಡಿ ನೋಡಿ ಕತ್ತು ನೋಯುವುದು ಬೇರೆ.

ಕೊನೆಗೆ ಮಾಗುವ, ಚಳಿಗಾಲಕ್ಕೆ ಕೂಡಿಡುವ ಜಾತಿಗಳ ಹತ್ತಿರ ಮಾತ್ರ ಇದನ್ನು ಒಯ್ಯಬೇಡಿ. ತೊಟ್ಟು ಕಿತ್ತುಬಂದ ಕಡೆ, ತಂತಿ ಚುಚ್ಚಿದ ಕಡೆಯಿಂದಲೇ ಕೊಳೆಯಲು ಶುರುವಾಗುತ್ತದೆ. ಪೆಟ್ಟು ಬಿದ್ದ ಹಣ್ಣು ಎಥಿಲೀನ್ ಅನಿಲವನ್ನೂ ಜಾಸ್ತಿ ಬಿಡುತ್ತದೆ, ಪೆಟ್ಟಿಗೆಯಲ್ಲಿರುವ ಉಳಿದವೂ ಅದರಿಂದ ಬೇಗ ಮಾಗಿಬಿಡುತ್ತವೆ. ಅವಕ್ಕೆ ಮೂರು ಕಾಲಿನ ಏಣಿ, ಹೆಗಲಿಗೊಂದು ಚೀಲ, ಬರಿಗೈ. ದೋಟಿಯಲ್ಲಿ ಇಳಿದದ್ದನ್ನು ಬೇರೆ ಇಟ್ಟು ಬೇಗ ತಿನ್ನಿ, ಇಲ್ಲವೇ ರಸ ತೆಗೆಯಿರಿ.

ತಂತಿಯ ಬದಲು ಬಟ್ಟೆ ಚೀಲ ಇರುವ ದೋಟಿಯೂ ಸಿಗುತ್ತದೆ, ಹಣ್ಣಿಗೆ ಪೆಟ್ಟು ಕಡಿಮೆ, ಆದರೆ ಎಲೆ ದಟ್ಟವಾಗಿರುವ ಕಡೆ ಚೀಲ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು ನನ್ನ ದೋಟಿಯ ಸ್ಪಂಜು ಕೊಯ್ಲು ಮುಗಿಯುವ ಮೊದಲೇ ಕಿತ್ತುಹೋಯಿತು. ಅದರ ಜಾಗಕ್ಕೆ ಹಳೇ ಕಾಲುಚೀಲ ತುರುಕಿದ್ದೇನೆ, ಸ್ಪಂಜಿಗಿಂತ ಅದೇ ವಾಸಿ.